ಗ್ರೇಡಿ ಲಿಟ್ಲ್‌ನ ಬೈಯೋದು ಇನ್ನಾದ್ರೂ ಸಾಕು ಮಾಡ್ರಪ್ಪ

ನಾವು ಬಾಸ್ಟನ್ ರೆಡ್ ಸಾಕ್ಸ್ ಫ್ಯಾನ್ಸ್ ನಾಲ್ಕು ಜನ ಸೇರಿದ್ರೆ ಮ್ಯಾನೇಜರ್‌ಗಳ ಪಂಚಾಯ್ತಿ ಶುರು, ಎಲ್ಲೆಲ್ಲೋ ಸುತ್ತಿ ಕೊನೆಗೆ 2003ರ ಮ್ಯಾನೇಜರ್ ಗ್ರೇಡಿ ಲಿಟ್ಲ್ ತಲೆ ಮೇಲೇ ಬಂದು ಕೂರತ್ತೆ. ಬೇಸ್‌ಬಾಲ್ ನೋಡದೇ ಇರೋರಿಗೆ ಹೇಳ್ಬೇಕು ಅಂದ್ರೆ, ಇಲ್ಲಿ ಕ್ರಿಕೆಟ್ ಥರ ಬೌಲಿಂಗ್ ಬದಲಾಯಿಸೋಕೆ ಫೀಲ್ಡಲ್ಲಿ ಕ್ಯಾಪ್ಟನ್ ಇರಲ್ಲ, ಯಾರಿಗೆ ಬಾಲ್ ಕೊಡ್ಬೇಕು ಯಾರ ಕೈಯಿಂದ ಕಿತ್ಕೋಬೇಕು ಎಲ್ಲಾ ಮ್ಯಾನೇಜರ್‌ದೇ ಲೆಕ್ಕ, ಹೊಟ್ಟೆ ಬಂದಿರೋ ಯಜಮಾನ್ರಾದ್ರೂ ಆಟಗಾರರ ಯೂನಿಫಾರ್ಮೇ ಹಾಕ್ಕೊಂಡು ಡಗೌಟಲ್ಲಿ ನಿಂತಿರ್ತಾರೆ.

ಆವತ್ತು ಎದುರಾಳಿ ನ್ಯೂಯಾರ್ಕ್ ಯಾಂಕೀಸ್, ಅವ್ರದೇ ಯಾಂಕೀ ಸ್ಟೇಡಿಯಂ, ಅಮೆರಿಕನ್ ಲೀಗ್ ಫೈನಲ್ ಸೀರೀಸ್‌ನ ಏಳನೇ, ಅಂದ್ರೆ ಕೊನೇ ಮ್ಯಾಚ್, ಒಂಬತ್ತರಲ್ಲಿ ಎಂಟನೇ ಇನ್ನಿಂಗ್ಸ್, ನಾವು 5-2 ಮುಂದೆ, ಪಿಚ್ (ನಮ್ಮ ಬೌಲಿಂಗ್ ಥರ) ಮಾಡ್ತಿರೋದು ಪೆಡ್ರೋ ಮಾರ್ಟಿನೆಜ್, ಇನ್ನು ಐದೇ ಔಟ್ ಬೇಕು. ಯಾಂಕೀಸ್‌ನ ಜೀಟರ್ ಡಬಲ್ (ಎರಡನೇ ಬೇಸ್ ಮುಟ್ಟೋ ಹೊಡೆತ) ಹೊಡೆದ, ಬರ್ನಿ ವಿಲಿಯಮ್ಸ್ ಸಿಂಗಲ್, 5-3 ಆಯ್ತು. ಬುಲ್‌ಪೆನ್ನಲ್ಲಿ (ಬದಲಿ ಪಿಚರ್‌ಗಳು ತಯಾರಾಗೋ ಜಾಗ) ಎಂಬ್ರೀ, ಟಿಮ್ಲಿನ್ ಇಬ್ರೂ ರೆಡಿ. ಪೆಡ್ರೋ ಆಗ್ಲೇ 115 ಪಿಚ್ ಹಾಕಿ ಸುಸ್ತಾಗಿದ್ದ. ಲಿಟ್ಲ್ ಮೌಂಡ್‌ಗೆ, ಅಂದ್ರೆ ಪಿಚರ್ ನಿಲ್ಲೋ ದಿಬ್ಬಕ್ಕೆ ನಡ್ಕೊಂಡು ಹೋದ, ಸರಿ ತೆಗೀತಾನೆ ಅಂತ ಎಲ್ರೂ ಅಂದ್ಕೊಂಡ್ರು, ಇವನು ನಿನ್ ಕೈಲಿ ಆಗತ್ತಾ ಅಂತ ಕೇಳಿದ, ಆಗತ್ತೆ ಅಂದ ಪೆಡ್ರೋ, ಬರಿಗೈಲಿ ವಾಪಸ್ ಬಂದ. ಮಟ್ಸುಯಿ ಡಬಲ್, ಪೊಸಾಡಾ ಡಬಲ್, 5-5. ಹನ್ನೊಂದನೇ ಇನ್ನಿಂಗ್ಸಲ್ಲಿ ಯಾಂಕೀಸ್‌ನ ಆರನ್ ಬೂನ್ ಹೋಮ್ ರನ್ (ನಮ್ಮ ಸಿಕ್ಸರ್ ಥರ), ಅಲ್ಲಿಗೆ ನಮ್ ಕಥೆ ಮುಗೀತು.

ಪೆಡ್ರೋನಂಥೋನು ಜನ್ಮದಲ್ಲಿ ಆಗಲ್ಲ ಅಂತಾನಾ, ಕೇಳಿದ್ದೇ ತಪ್ಪು, ಸರಿ. ಆದ್ರೆ ಆಮೇಲೆ 9, 10, 11 ಮೂರೂ ಇನ್ನಿಂಗ್ಸಲ್ಲಿ ಯಾಂಕೀಸ್ ಪಿಚರ್ ರಿವೆರಾ ಮುಂದೆ ನಮ್ ಬ್ಯಾಟರ್‌ಗಳು ಒಂದೇ ಒಂದು ರನ್ ತೆಗೀಲಿಲ್ಲ, ಅವ್ರನ್ನ ಯಾರೂ ಬೈಯಲ್ಲ! ಎರಡು ಸೀಸನ್ನಲ್ಲಿ 93, 95 ಮ್ಯಾಚ್ ಗೆಲ್ಲಿಸಿದ ಲಿಟ್ಲ್‌ನ ಕಾಂಟ್ರ್ಯಾಕ್ಟ್ ಅಲ್ಲಿಗೇ ಖಲಾಸ್.

ಅವನ ಜಾಗಕ್ಕೆ ಬಂದಿದ್ದು ಟೆರ್ರಿ ಫ್ರಾಂಕೋನಾ, ಫಿಲಡೆಲ್ಫಿಯಾದಲ್ಲಿ ನಾಲ್ಕು ವರ್ಷ ಇದ್ದು ನಾಲ್ಕೂ ವರ್ಷ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. 2004ರಲ್ಲಿ ಮತ್ತೆ ಅದೇ ಯಾಂಕೀಸ್, ನಾಲ್ಕು ಗೆದ್ದೋರದ್ದು ಸೀರೀಸ್, ನಾವು 0-3, ಮೂರನೇ ಮ್ಯಾಚಂತೂ 19-8 ಚಚ್ಚಿಸ್ಕೊಂಡಿದ್ವಿ. ನಾಲ್ಕನೇ ಮ್ಯಾಚ್ ಒಂಬತ್ತನೇ ಇನ್ನಿಂಗ್ಸ್, 4-3 ಹಿಂದೆ, ಎದುರಿಗೆ ರಿವೆರಾ. ಮಿಲ್ಲರ್ ವಾಕ್ ತಗೊಂಡ (ನಾಲ್ಕು ಪಿಚ್ ಆಚೀಚೆ ಬಿದ್ರೆ ಬಿಟ್ಟಿ ಫಸ್ಟ್ ಬೇಸ್), ಫ್ರಾಂಕೋನಾ ಅವನ ಬದಲಿಗೆ ಓಡೋಕೆ ಡೇವ್ ರಾಬರ್ಟ್ಸ್‌ನ ಕಳಿಸಿದ, ಕಳಿಸುವಾಗ ಒಂದು ಕಣ್ಣು ಹೊಡೆದ ಅಷ್ಟೇ, ಭಾಷಣ ಇಲ್ಲ ಏನಿಲ್ಲ. ರಿವೆರಾ ಮೂರು ಸಲ ಫಸ್ಟ್ ಬೇಸ್‌ಗೆ ಎಸೆದು ಹೆದರಿಸಿ ನೋಡಿದ, ಬ್ಯಾಟರ್‌ಗೆ ಹಾಕಿದ ಮೊದಲನೇ ಪಿಚ್‌ಗೇ ರಾಬರ್ಟ್ಸ್ ಎದ್ನೋ ಬಿದ್ನೋ ಅಂತ ಓಡಿ ಸೆಕೆಂಡ್ ಬೇಸ್ ಕದ್ದ. ಮುಲ್ಲರ್ ಸಿಂಗಲ್, ಸ್ಕೋರ್ ಸಮ, ಹನ್ನೆರಡರಲ್ಲಿ ಓರ್ಟಿಜ್ ಹೋಮ್ ರನ್. ಅಲ್ಲಿಂದ ಸೋಲೇ ಇಲ್ಲ, ಸಾಲಾಗಿ ಎಂಟು ಗೆದ್ದು 86 ವರ್ಷ ಆದ್ಮೇಲೆ ವರ್ಲ್ಡ್ ಸೀರೀಸ್, ಅಂದ್ರೆ ಚಾಂಪಿಯನ್ ಪಟ್ಟ. (18 ವರ್ಷ ಕಾದ ಆರ್‌ಸಿಬಿಯೋರಿಗೆ ನಾನೇನೂ ಬಿಡಿಸಿ ಹೇಳ್ಬೇಕಿಲ್ಲ.) 2007ರಲ್ಲಿ ಇನ್ನೊಂದು.

ಹುಡುಗರನ್ನ ನಂಬಿ ಬಿಟ್ಟುಬಿಡೋದು, ಬೈಗುಳ ಬಂದ್ರೆ ತಾನೇ ತಿನ್ನೋದು, ಇದೇ ಫ್ರಾಂಕೋನಾ ಸ್ಟೈಲ್. 2011ರ ಸೆಪ್ಟೆಂಬರಲ್ಲಿ ಅದೇ ಸ್ಟೈಲ್ ತಿರುಗಿ ಹೊಡೀತು, ಪ್ಲೇಆಫ್ ರೇಸಲ್ಲಿ ಒಂಬತ್ತು ಗೇಮ್ ಲೀಡ್ ಇದ್ದದ್ದು ತಿಂಗಳಲ್ಲಿ 7 ಗೆದ್ದು 20 ಸೋತು ಮಣ್ಣುಪಾಲು, ಪಿಚರ್‌ಗಳು ಮ್ಯಾಚ್ ನಡೀವಾಗ ಒಳಗೆ ಕೂತು ಚಿಕನ್ ಬಿಯರ್ ಹೊಡೀತಿದ್ರು ಅಂತ ಪೇಪರಲ್ಲಿ ಬಂತು, ಫ್ರಾಂಕೋನಾ ಗಾಡಿ ಬಿಟ್ಟ. ಹಾಗಾದ್ರೆ ಕೋಲು ಹಿಡಿಯೋ ಮೇಷ್ಟ್ರು ಬೇಕು ಅಂತ ಬಾಬಿ ವ್ಯಾಲೆಂಟೈನ್‌ನ ತಂದ್ರು, 69 ಗೆಲುವು 93 ಸೋಲು, ಒಂದೇ ವರ್ಷಕ್ಕೆ ಸಾಕಪ್ಪಾ ಸಾಕು. ಆಮೇಲೆ ಬಂದ ಮ್ಯಾನೇಜರ್ ಫ್ಯಾರೆಲ್ 2013ರಲ್ಲಿ ಕೊನೇ ಜಾಗದಿಂದ ಎತ್ತಿ ಕಪ್ ಗೆಲ್ಲಿಸಿದ, ಒಳ್ಳೆ ಮನುಷ್ಯ, ಮ್ಯಾಚ್ ನಡ್ಸೋದ್ರಲ್ಲಿ ಅಷ್ಟಕ್ಕಷ್ಟೇ.

ಇನ್ನು ಅಲೆಕ್ಸ್ ಕೋರಾ. 2018ರಲ್ಲಿ 108 ಗೆಲುವು, ವರ್ಲ್ಡ್ ಸೀರೀಸಲ್ಲಿ ಡಾಡ್ಜರ್ಸ್‌ನ 4-1 ಸೋಲಿಸಿದ, ಆ ಡಾಡ್ಜರ್ಸ್ ಮ್ಯಾನೇಜರ್ ಯಾರು ಅಂದ್ರೆ ನಮ್ಮ ಅದೇ ಡೇವ್ ರಾಬರ್ಟ್ಸ್. ಮ್ಯಾಚ್ ಓದೋದ್ರಲ್ಲಿ ಕೋರಾ ಫ್ರಾಂಕೋನಾಗಿಂತ ಒಂದು ಕೈ ಮೇಲೇ ಅಂತಾನೂ ಹೇಳ್ತೀನಿ. ಆದ್ರೆ 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಟೀಮಿನ ಬೆಂಚ್ ಕೋಚ್ (ಮ್ಯಾನೇಜರ್‌ನ ಬಲಗೈ) ಆಗಿದ್ದಾಗ ಎದುರಾಳಿ ಕ್ಯಾಚರ್ ಪಿಚರ್‌ಗೆ ಕೊಡೋ ಸಿಗ್ನಲ್ ಕದಿಯೋ ಮೋಸದಲ್ಲಿ ಸಿಕ್ಕಾಕ್ಕೊಂಡ, 2020ರ ಜನವರಿಯಲ್ಲಿ ಕೆಲಸ ಹೋಯ್ತು, ಆ ಸೀಸನ್ ಪೂರ್ತಿ ಸಸ್ಪೆಂಡ್, 2021ಕ್ಕೆ ನಮ್ಮೋರೇ ವಾಪಸ್ ಕರ್ಕೊಂಡು ಬಂದ್ರು, ನಮ್ಮ ಗ್ರೌಂಡ್ ಫೆನ್ವೇ ಪಾರ್ಕಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೀನಿ, ಸುಳ್ಳು ಯಾಕೆ ಹೇಳ್ಲಿ. ಮೋಸ ಮಾಡಿ ಸಿಕ್ಕಿಬಿದ್ದೋನಿಗೆ ಒಂದೇ ವರ್ಷದಲ್ಲಿ ಮಾಫಿ, ತನ್ನ ಬೆಸ್ಟ್ ಪಿಚರ್ ಮಾತು ನಂಬಿದೋನಿಗೆ 20 ವರ್ಷ ದಾಟಿದ್ರೂ ಇಲ್ಲ, ಇದ್ಯಾವ ನ್ಯಾಯ ಸ್ವಾಮಿ?