ಹತ್ತೊಂಬತ್ತನೇ ಗೇಟು, ಎಲೀಯನ ರೊಟ್ಟಿ

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯಿತು. ನಾನು ಅಬುಧಾಬಿಯಿಂದ ರಜೆಗೆ ಬಂದು ನಾಲ್ಕು ದಿನ ಆಗಿತ್ತು. ಬೆಳಗಿನ ಜಾವ ಎದ್ದರೆ ಓಣಿಯ ತುಂಬಾ ಅದೇ ಮಾತು. ನಮ್ಮೂರು ಸಿಂಧನೂರು ದಾಟಿ ಮಾನ್ವಿ ಕಡೆಗೆ ಹೋಗುವ ದಾರಿಯಲ್ಲಿದೆ, ಎಡದಂಡೆ ಕಾಲುವೆಯ ಕೊನೆ ಭಾಗ. ಡ್ಯಾಂ ತುಂಬಿದ ವರ್ಷವೂ ನಮ್ಮ ತನಕ ನೀರು ಬರುವುದು ಕಷ್ಟ. ಅದರ ಹಿಂದಿನ ವರ್ಷ ಬರ. ಈ ಸಲ ಡ್ಯಾಂ ತುಂಬಿತು ಅಂತ ಜನ ಸಾಲ ಮಾಡಿ ನೆಲ್ಲು ಹಚ್ಚಿದ್ದರು. ಈಗ ನೋಡಿದರೆ 33 ಗೇಟುಗಳಲ್ಲಿ ಒಂದು ಇಲ್ಲ. ಅದನ್ನು ಸರಿ ಮಾಡಬೇಕು ಅಂದರೆ ಉಳಿದ ಗೇಟುಗಳನ್ನೂ ತೆಗೆದು ನೀರು ಹೊರಗೆ ಬಿಡಬೇಕು. ನೀರು ಹೊಳೆಗೆ ಹೋಗುತ್ತಿದೆ, ಗದ್ದೆಗಲ್ಲ.

ಅವತ್ತು ಭಾನುವಾರ. ನಮ್ಮ ಸಣ್ಣ ಚರ್ಚಿನಲ್ಲಿ ಎಂಟು ಗಂಟೆಯ ಪೂಜೆ. ಗಂಡಸರು ಅರ್ಧಕ್ಕರ್ಧ ಬಂದಿರಲಿಲ್ಲ. ಬಂದವರ ಕೈಯಲ್ಲೂ ಫೋನು. ಒಬ್ಬ ಹುಡುಗಿ ಮೇಲೆ ಹೋಗಿ ಬೈಬಲಿನಿಂದ ಅವತ್ತಿನ ಮೊದಲ ವಾಚನ ಓದಿದಳು. ಅರಸುಗಳ ಮೊದಲನೇ ಪುಸ್ತಕದ 19ನೇ ಅಧ್ಯಾಯ. ಪ್ರವಾದಿ ಎಲೀಯ ಜೀವಕ್ಕೆ ಹೆದರಿ ಮರುಭೂಮಿಗೆ ಓಡಿಹೋಗುತ್ತಾನೆ. ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕುಸಿದು ಕೂರುತ್ತಾನೆ. ಸಾಕು ಪ್ರಭುವೇ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ಅಲ್ಲೇ ಮಲಗಿಬಿಡುತ್ತಾನೆ.

ಪ್ರಬೋಧನೆಯ ಹೊತ್ತಿಗೆ, ಅಂದರೆ ವಾಚನದ ಅರ್ಥ ಬಿಡಿಸಿ ಹೇಳುವ ಹೊತ್ತಿಗೆ, ಫಾದರ್ ಪೀಠ ಬಿಟ್ಟು ಕೆಳಗೆ ಬಂದು ಮೊದಲ ಸಾಲಿನ ಹತ್ತಿರ ನಿಂತರು. ಕೈಯಲ್ಲಿ ಚೀಟಿ ಇತ್ತು, ಬಿಡಿಸಲಿಲ್ಲ. "ಎಲೀಯ ಕೂತಿದ್ದ ಗಿಡ ಯಾವುದು ಅಂತ ನಮಗೆ ಬ್ಯಾಡ. ನಮ್ಮ ಬಳ್ಳಾರಿ ಜಾಲಿ ಅಂತ ತಿಳಕೊಳ್ರಿ," ಅಂದರು. ಕಾಲುವೆ ಏರಿಯ ಮೇಲೆ, ರಸ್ತೆ ಪಕ್ಕ, ಎಲ್ಲಿ ನೋಡಿದರೂ ಅದೇ ಗಿಡ ನಮ್ಮಲ್ಲಿ. ಅದರ ನೆರಳು ನೆರಳೇ ಅಲ್ಲ. ಅದರ ಕೆಳಗೆ ಒಬ್ಬ ಮಲಗಿದ್ದಾನೆ ಅಂದರೆ ಅವನಿಗೆ ಬೇರೆ ಜಾಗವೇ ಸಿಕ್ಕಿಲ್ಲ ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತು. ಜನ ಫೋನು ಕೆಳಗಿಟ್ಟರು.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಮಲಗಿದ್ದ ಎಲೀಯನ ಹತ್ತಿರ ದೇವದೂತ ಬಂದ, ಬಂದು ಏನು ಮಾಡಿದ? ಯಾಕೆ ಹೆದರಿದೆ ಅಂತ ಬೈದನಾ? ವಿಶ್ವಾಸ ಇಡು ಅಂತ ಬುದ್ಧಿ ಹೇಳಿದನಾ? ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೂತಲ್ಲಿಂದಲೇ ಅಂದಳು: "ರೊಟ್ಟಿ ಕೊಟ್ಟ." ಹೌದು, ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎದ್ದು ಉಣ್ಣು ಅಂದ. ಎಲೀಯ ಉಂಡು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಎಬ್ಬಿಸಿದ. "ನಿಮ್ಮ ಓಣ್ಯಾಗ ಇವತ್ತು ಮುಸುಕು ಹಾಕ್ಕೊಂಡು ಮಲಗಿದವರು ಯಾರದಾರ? ಯಾರ ಮನ್ಯಾಗ ಒಲಿ ಹಚ್ಚಿಲ್ಲ?" ಅಂತ ಕೇಳಿ ಫಾದರ್ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಉತ್ತರ ಎಲ್ಲರಿಗೂ ಗೊತ್ತಿತ್ತು. ಹತ್ತು ಎಕರೆ ಲೀಜಿಗೆ ಹಾಕಿಕೊಂಡಿದ್ದ ಒಬ್ಬರು ರಾತ್ರಿಯಿಂದ ಮಾತೇ ಆಡಿರಲಿಲ್ಲ.

ಪೂಜೆ ಮುಗಿಸಿ ಬಂದು ಅವ್ವ ರೊಟ್ಟಿ ಬಡಿಯಲು ಕೂತಳು. ಪಕ್ಕದ ಮನೆಯಿಂದ ಪುಂಡಿಪಲ್ಯ, ಇನ್ನೊಂದು ಮನೆಯಿಂದ ಶೇಂಗಾ ಚಟ್ನಿ. ಮೂವರು ಹೆಂಗಸರು ಬಟ್ಟೆಯಲ್ಲಿ ಕಟ್ಟಿಕೊಂಡು ಆ ಮನೆಗೆ ಹೋದರು. ಮರುದಿನ ಮತ್ತೆ ಹೋದರು. ದೂತ ಎರಡು ಸಲ ಬಂದಿದ್ದ ಅಲ್ವಾ, ಅಂದಳು ಅವ್ವ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಅವತ್ತೇ ಸಂಜೆ ಮುಸಫಾದಿಂದ ನನ್ನ ರೂಮಿನ ಗೆಳೆಯ ವಾಯ್ಸ್ ಮೆಸೇಜ್ ಕಳಿಸಿದ. ಮುಸಫಾ ಅಂದರೆ ಅಬುಧಾಬಿಯ ಕೈಗಾರಿಕಾ ಪ್ರದೇಶ. ಅಲ್ಲಿನ ಸಂತ ಪೌಲರ ಚರ್ಚು 2015ರಲ್ಲಿ ತೆರೆಯಿತು, ನಾವು ಹೋಗುವುದು ಅಲ್ಲಿಗೇ. ನಮ್ಮ ಲ್ಯಾಟಿನ್ ಪದ್ಧತಿಯ ಚರ್ಚುಗಳಲ್ಲಿ ಒಂದು ಭಾನುವಾರ ಇಡೀ ಜಗತ್ತಿಗೆ ಒಂದೇ ವಾಚನ. ಹಾಗಾಗಿ ಅಲ್ಲಿಯೂ ಎಲೀಯನೇ. ಅಲ್ಲಿನ ಫಾದರ್ ಆರೇಳು ನಿಮಿಷ ಮಾತಾಡಿದರಂತೆ. ಆಗಸ್ಟ್ ಬಿಸಿಲು, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಹೊರಗಿನ ಕೆಲಸ ಸರ್ಕಾರವೇ ನಿಲ್ಲಿಸಿರುವ ತಿಂಗಳು. ಕ್ಯಾಂಪಿನ ರೂಮಿನಲ್ಲಿ ಮೇಲಿನ ಮಂಚದವನು ಎರಡು ದಿನದಿಂದ ಊಟಕ್ಕೆ ಇಳಿದಿಲ್ಲ ಅಂದರೆ ಕೆಳಗಿನ ಮಂಚದವನು ಗಮನಿಸಿದ್ದಾನಾ? ಈ ವಾರ ಒಬ್ಬರನ್ನಾದರೂ 'ಊಟ ಆಯ್ತಾ' ಅಂತ ಕೇಳಿ, ಕೇಳಿ ಸುಮ್ಮನಾಗಬೇಡಿ, ಜೊತೆಗೆ ಕೂತು ತಿನ್ನಿ ಅಂದರಂತೆ. ಅಷ್ಟೇ. ಮುಗೀತು.

ಒಂದೇ ವಾಚನ, ಒಂದೇ ದಿನ. ಇಲ್ಲಿ ಕಾಲುವೆ, ಅಲ್ಲಿ ಕ್ಯಾಂಪಿನ ಮಂಚ. ದೇವರ ವಾಕ್ಯವನ್ನು ಬದುಕಿಗೆ ಹಚ್ಚುವುದು ಅಂದರೆ ಇದೇ ಅಂತ ನನಗೆ ಅವತ್ತು ಗಟ್ಟಿಯಾಗಿ ಅನ್ನಿಸಿತು.

ಹದಿಮೂರು ವರ್ಷದಿಂದ ಎರಡೂ ಕಡೆ ಪ್ರಬೋಧನೆ ಕೇಳಿದ್ದೇನೆ. ಹೋಲಿಸಬೇಕು ಅಂತಲ್ಲ, ತಾನಾಗಿಯೇ ಹೋಲಿಕೆ ಬರುತ್ತದೆ. ಅಬುಧಾಬಿಯಲ್ಲಿ ಒಂದೇ ಪೂಜೆಗೆ ಕೇರಳದವರು, ಗೋವಾದವರು, ಫಿಲಿಪೀನ್ಸಿನವರು, ಆಫ್ರಿಕಾದವರು ಬರುತ್ತಾರೆ. ಹೊರಗೆ ಮುಂದಿನ ಪೂಜೆಗೆ ಜನ ಕಾಯುತ್ತಿರುತ್ತಾರೆ. ಫಾದರಿಗೆ ನಮ್ಮ ಮುಖದ ಪರಿಚಯ ಇರುವುದಿಲ್ಲ. ಅದಕ್ಕೇ ಅವರು ತಯಾರಿ ಮಾಡಿಕೊಂಡು ಬರುತ್ತಾರೆ. ಒಂದು ವಿಷಯ ಹಿಡಿದು ಮಾತಾಡಿ ಮುಗಿಸುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಕೇಳಿದ್ದು ನನ್ನ ತಲೆಗೆ ಹೋದಷ್ಟು ಹೊಟ್ಟೆಗೆ ಇಳಿಯುವುದಿಲ್ಲ. ಕರ್ನಾಟಕದ ಕಥೋಲಿಕ ಅಂದರೆ ಎಲ್ಲರೂ ಕೊಂಕಣಿಯಲ್ಲಿ ಮಾತಾಡಿಸುತ್ತಾರೆ. ಕನ್ನಡ ಪೂಜೆ ಅಂತೂ ಇಷ್ಟು ವರ್ಷದಲ್ಲಿ ನನಗೆ ಅಲ್ಲಿ ಸಿಕ್ಕಿಲ್ಲ.

ಊರಿನಲ್ಲಿ ಉಲ್ಟಾ. ಬಳ್ಳಾರಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ, 1949ರಲ್ಲಿ ಆದದ್ದು. ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲಾ ಅದರೊಳಗೇ. ಮುದಗಲ್ಲಿನಂಥ ಬಹಳ ಹಳೆಯ ಕ್ರೈಸ್ತ ನೆಲೆಯೂ ಇದೆ. ನಮ್ಮ ಫಾದರುಗಳಿಗೆ ಯಾರ ಮಗಳ ಮದುವೆ ಮುರಿಯಿತು, ಯಾರ ಎತ್ತು ಸತ್ತಿತು ಎಲ್ಲಾ ಗೊತ್ತು. ಈ ಪರಿಚಯದ ಮೇಲೆ ಜಾಸ್ತಿ ಭಾರ ಹಾಕಿ ಕೆಲವರು ತಯಾರಿ ಬಿಡುತ್ತಾರೆ. ಪೂಜೆಗೆ ತಡವಾಗಿ ಬಂದವರು, ಹಬ್ಬದ ವಂತಿಗೆ, ಶಾಲೆಯ ಕಾಂಪೌಂಡು ಅಂತ ಅರ್ಧ ಗಂಟೆ ಹೋಗುತ್ತದೆ. ಅವತ್ತಿನ ವಾಚನ ಓದಿದಲ್ಲೇ ಉಳಿಯುತ್ತದೆ.

ಒಂದು ಭಾನುವಾರವನ್ನು ನಾನು ಮರೆತಿಲ್ಲ. 2015ರ ನವೆಂಬರ್ 8. ತಂಗಿಯ ಮದುವೆಗೆ ಬಂದಿದ್ದೆ. ಮಳೆ ಕೈಕೊಟ್ಟ ವರ್ಷ. ಅವತ್ತಿನ ಮೊದಲ ವಾಚನವೂ ಎಲೀಯನದೇ. ಬರಗಾಲದಲ್ಲಿ ಸರೆಪ್ತದ ವಿಧವೆಯ ಹತ್ತಿರ ಹೋಗಿ ರೊಟ್ಟಿ ಕೇಳುತ್ತಾನೆ. ಆಕೆಯ ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು. ಶುಭಸಂದೇಶ, ಅಂದರೆ ಯೇಸುವಿನ ಬದುಕು ಹೇಳುವ ಭಾಗ, ಮಾರ್ಕನ 12ನೇ ಅಧ್ಯಾಯ: ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆ. ಬರದ ವರ್ಷಕ್ಕೆ ಇದಕ್ಕಿಂತ ಹತ್ತಿರದ ವಾಚನ ಎಲ್ಲಿ ಸಿಗಬೇಕು? ಅವತ್ತು ಪೂಜೆ ಕೊಟ್ಟವರು ಅದನ್ನು ಕಟ್ಟಡದ ಚಂದಾಕ್ಕೆ ತಿರುಗಿಸಿದರು. ಆ ವಿಧವೆ ಎಲ್ಲಾ ಕೊಟ್ಟಳು, ನೀವು ಯಾಕೆ ಕೊಡುವುದಿಲ್ಲ ಅಂದರು. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ, ಪಿಂಚಣಿ ಹಣದಲ್ಲೇ ಒಬ್ಬಳೇ ಬದುಕುವವಳು, ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಒಳಗೆ ನಾಲ್ಕಾಗಿ ಮಡಿಸಿದ ಐವತ್ತರ ನೋಟು ಒಂದೇ ಒಂದು. ಕಾಣಿಕೆ ಚೀಲಕ್ಕೆ ಹಾಕಿದಳು. ಖಾಲಿ ಸೆರಗಿಗೆ ಮತ್ತೆ ಗಂಟು ಹಾಕಿಕೊಂಡಳು.

ಅದೇ ಅಧ್ಯಾಯದಲ್ಲಿ ಎರಡು ಸಾಲು ಹಿಂದೆ, ಅದೇ ವಾಚನದಲ್ಲಿ, ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಎಚ್ಚರ ಅಂತ ಯೇಸು ಹೇಳಿದ್ದಾರೆ. ಅದನ್ನೂ ಅವತ್ತು ಓದಿದ್ದರು. ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ವಾಚನವನ್ನು ಬದುಕಿಗೆ ಹಚ್ಚುವುದು ಬೇರೆ. ನಮಗೆ ಬೇಕಾದ ಮಾತಿಗೆ ವಾಚನವನ್ನು ಎಳೆದುಕೊಂಡು ಬರುವುದು ಬೇರೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ನೋವಿನಿಂದ ಬರೆಯುತ್ತಿದ್ದೇನೆ. ಆ ನಂತರದ ವಾರ ಅವ್ವ ಆ ಅಜ್ಜಿಯ ಮನೆಗೆ ಅಕ್ಕಿ ಕೊಟ್ಟು ಬಂದಳು.

ನಮ್ಮ ಕೈಗೆ ಈ ವಾಚನಗಳು ಸಿಕ್ಕಿದ್ದು ಸುಮ್ನೆ ಅಲ್ಲ. ನನ್ನ ಅಜ್ಜನ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಜನ ಜಪಸರ ಹಿಡಿದು ಕೂರುತ್ತಿದ್ದರು. ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯ ಬಗ್ಗೆ ತೀರ್ಮಾನ ಮಾಡಿತು: ಪ್ರಬೋಧನೆ ಪೂಜೆಯ ಭಾಗ, ಭಾನುವಾರ ಗಟ್ಟಿ ಕಾರಣ ಇಲ್ಲದೆ ಬಿಡಬಾರದು, ಬೈಬಲಿನ ಭಂಡಾರವನ್ನು ಜನರಿಗೆ ಇನ್ನೂ ದೊಡ್ಡದಾಗಿ ತೆರೆಯಬೇಕು. 1969ರಲ್ಲಿ ಹೊಸ ವಾಚನ ಕ್ರಮ ಬಂತು. ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ನಡುನಡುವೆ ಯೊವಾನ್ನ. ಭಾನುವಾರಕ್ಕೆ ಮೂರು ವಾಚನ, ಒಂದು ಕೀರ್ತನೆ. ಅಂದರೆ ಎಲೀಯ ಜಾಲಿ ಗಿಡದ ಕೆಳಗೆ ಮೂರು ವರ್ಷಕ್ಕೊಮ್ಮೆ ನಮ್ಮೂರಿಗೆ ಬರುತ್ತಾನೆ. ಹಾಗೆ ಬಂದಾಗ ನಾವು ಚಂದಾ ಲೆಕ್ಕ ಓದುತ್ತಾ ಕೂತರೆ ಅವನು ಮತ್ತೆ ಮೂರು ವರ್ಷ ಸಿಗುವುದಿಲ್ಲ.

ಪೋಪ್ ಫ್ರಾನ್ಸಿಸ್ 2024ರ ಜೂನಿನಲ್ಲಿ ಪ್ರಬೋಧನೆ ಎಂಟು ನಿಮಿಷ ಮೀರಬಾರದು ಅಂದಿದ್ದರು. ಅಬುಧಾಬಿಯ ಗೆಳೆಯರಿಗೆ ಆ ಮಾತು ಬಹಳ ಹಿಡಿಸಿತು. ನನಗೆ ಅಷ್ಟು ಹಿಡಿಸಿದ್ದು ಅವರ 2013ರ ಪತ್ರದ ಮಾತು. ಅದರಲ್ಲಿ ಪ್ರಬೋಧನೆಗೆ ಅಂತಲೇ 25 ಪರಿಚ್ಛೇದ ಇವೆ. ಬೋಧಿಸುವವನು ದೇವರ ವಾಕ್ಯವನ್ನೂ ಧ್ಯಾನಿಸಬೇಕು, ತನ್ನ ಜನರನ್ನೂ ಧ್ಯಾನಿಸಬೇಕು. ತಯಾರಿ ಮಾಡದವನು ತನಗೆ ಸಿಕ್ಕ ವರಕ್ಕೆ ಅಪ್ರಾಮಾಣಿಕ ಆಗುತ್ತಾನೆ. ಈ ಎರಡೂ ಅಲ್ಲಿದೆ. ನಮ್ಮ ಫಾದರ್ ಆ ಗೇಟಿನ ಭಾನುವಾರ ಇಪ್ಪತ್ತು ನಿಮಿಷ ಮಾತಾಡಿದರು. ಒಬ್ಬರೂ ಗಡಿಯಾರ ನೋಡಲಿಲ್ಲ.

ಫ್ರಾನ್ಸಿಸರೇ ಅದನ್ನು ಮಾಡಿ ತೋರಿಸಿದ್ದನ್ನು ನಾನು ಕಂಡಿದ್ದೇನೆ. 2019ರ ಫೆಬ್ರವರಿ 5, ಮಂಗಳವಾರ, ಅಬುಧಾಬಿಯ ಜಾಯೆದ್ ಸ್ಪೋರ್ಟ್ಸ್ ಸಿಟಿ. ನಸುಕಿನಲ್ಲೇ ಬಸ್ಸು ಹತ್ತಿ ಹೋಗಿದ್ದೆವು. ವಾಚನ ಮತ್ತಾಯನ 5ನೇ ಅಧ್ಯಾಯ, ಧನ್ಯರು ಯಾರು ಅನ್ನುವ ಭಾಗ. ಮನೆಯಿಂದ ದೂರ ಬದುಕುವುದು, ಪ್ರೀತಿಸುವವರನ್ನು ಬಿಟ್ಟಿರುವುದು, ನಾಳೆ ಏನೋ ಅನ್ನುವ ಭಯ ಇಟ್ಟುಕೊಂಡಿರುವುದು ಸುಲಭ ಅಲ್ಲ ಅಂತ ಅವರು ಹೇಳಿದಾಗ ನನ್ನ ಪಕ್ಕದಲ್ಲಿದ್ದ ಫಿಲಿಪೀನ್ಸಿನ ಹೆಂಗಸು ಮುಖ ಮುಚ್ಚಿಕೊಂಡು ಅತ್ತಳು. ಲಕ್ಷಕ್ಕೂ ಮೀರಿದ ಜನರ ನಡುವೆ ಆಕೆಗೊಬ್ಬಳಿಗೇ ಹೇಳಿದ ಹಾಗಿತ್ತು. ನನಗೂ ಹಾಗೇ ಅನ್ನಿಸಿತು.

ಹಾಗಂತ ಎಲ್ಲಾ ಹೊಣೆ ಫಾದರ ಮೇಲೆ ಹಾಕುವುದು ನ್ಯಾಯ ಅಲ್ಲ. ಮುಸಫಾದಲ್ಲಿ ನಾನು ಕಲಿತ ದೊಡ್ಡ ಪಾಠ ಚರ್ಚಿನ ಹೊರಗಿನದು. ಗುರುವಾರ ರಾತ್ರಿ ಒಂದು ಫ್ಲಾಟಿನಲ್ಲಿ ಎಂಟು-ಹತ್ತು ಜನ ಸೇರುತ್ತೇವೆ. ಮುಂದಿನ ಭಾನುವಾರದ ವಾಚನ ಓದುತ್ತೇವೆ. ಒಬ್ಬ ವೆಲ್ಡರ್, ಒಬ್ಬ ನರ್ಸ್, ಇಬ್ಬರು ಡ್ರೈವರ್. ಯಾರೂ ದೊಡ್ಡ ಓದು ಓದಿದವರಲ್ಲ. ಯಾವ ಮಾತು ನಿನಗೆ ತಾಗಿತು, ಈ ವಾರ ಏನು ಮಾಡುತ್ತೀಯ, ಇಷ್ಟೇ ಪ್ರಶ್ನೆ. ಹಾಗೆ ಓದಿ ಹೋದರೆ ಭಾನುವಾರದ ಪ್ರಬೋಧನೆ ನೆನೆದ ನೆಲಕ್ಕೆ ಬಿದ್ದ ಬೀಜದ ಹಾಗೆ. ಊರಿನಲ್ಲಿ ಅಕ್ಕಪಕ್ಕದ ಮನೆಯವರು ಸೇರುವ ಇಂಥ ಗುಂಪಿಗೆ ಕಿರು ಕ್ರೈಸ್ತ ಸಮುದಾಯ ಅಂತ ಹೆಸರಿದೆ, ಆದರೆ ನಮ್ಮ ಓಣಿಯಲ್ಲಿ ಅದು ಜಪಸರ ಹೇಳಿ ಚಹಾ ಕುಡಿಯುವುದಕ್ಕೆ ನಿಂತಿದೆ. ಜಪಸರ ಇರಲಿ. ಜೊತೆಗೆ ಒಂದು ವಾಚನ ಓದಿದರೆ ಹದಿನೈದು ನಿಮಿಷ ಜಾಸ್ತಿ ಆಗಬಹುದು.

ನಮ್ಮ ಜನಕ್ಕೆ ಅದು ಆಗುವುದಿಲ್ಲ, ಓದಿದವರು ಕಡಿಮೆ ಅನ್ನುವವರಿಗೆ ನನ್ನ ಅವ್ವನ ಮಾತು ಹೇಳಬೇಕು. 2020ರ ಸೆಪ್ಟೆಂಬರ್, ಕೊರೊನಾ ಕಾಲ. ವಯಸ್ಸಾದವರು ಚರ್ಚಿಗೆ ಬರಬೇಡಿ ಅಂದಿದ್ದರು. ಶನಿವಾರ ರಾತ್ರಿ ನಾನು ಫೋನ್ ಮಾಡಿ ಅವ್ವನಿಗೆ ವಾಚನ ಓದಿ ಹೇಳುತ್ತಿದ್ದೆ. ಅವತ್ತು ದ್ರಾಕ್ಷಿ ತೋಟದ ಕೂಲಿಗಳ ಕಥೆ, ಮತ್ತಾಯನ 20ನೇ ಅಧ್ಯಾಯ. ಸಂಜೆ ಐದಕ್ಕೆ ಬಂದವನಿಗೂ ಬೆಳಿಗ್ಗೆ ಬಂದವನಷ್ಟೇ ಕೂಲಿ. ಇದು ಅನ್ಯಾಯ ಅಲ್ವಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೆ. ಅವ್ವ ಕೇಳಿದಳು: "ಐದರ ತನಕ ನಿಂತಾವ ಮನಿಗೆ ಯಾಕ ಹೋಗಲಿಲ್ಲ?" ನನಗೆ ಉತ್ತರ ತೋಚಲಿಲ್ಲ. "ಮನ್ಯಾಗ ಹಿಟ್ಟಿಲ್ಲ, ಅದಕ್ಕ ಹೋಗಿಲ್ಲ. ಮುದುಕ ಇರಬೇಕು, ಇಲ್ಲಾ ಕುಂಟ ಇರಬೇಕು, ಯಾರೂ ಕರದಿಲ್ಲ. ಕೆಲಸ ಮಾಡೋದಕ್ಕಿಂತ ಹಂಗ ನಿಂದರೋದು ಬಾಳ ತ್ರಾಸು, ತಮ್ಮಾ," ಅಂದಳು. ಅಪ್ಪ ತೀರಿಕೊಂಡ ಮೇಲೆ ಅವಳು ಎರಡು ವರ್ಷ ನಾಟಿ ಕೂಲಿಗೆ ಹಾಗೆ ನಿಂತವಳು. ಆ ವಾಚನದ ಮೇಲೆ ನಾನು ಎರಡು ದೇಶದಲ್ಲಿ ಕೇಳಿದ ಯಾವ ಪ್ರಬೋಧನೆಯಲ್ಲೂ ಈ ಮಾತು ಬಂದಿಲ್ಲ. ಇಂಥ ಮಾತು ಕೇಳಿಸಿಕೊಂಡ ಫಾದರ್ ಭಾನುವಾರ ಏನು ಹೇಳಬಹುದು ಅಂತ ಯೋಚಿಸಿ ನೋಡಿ.

ಹೋದ ತಿಂಗಳು ನಮ್ಮೂರಿನ ಫಾದರಿಗೆ ಫೋನ್ ಮಾಡಿದ್ದೆ. ಗುರುವಾರದ ಓದು ಓಣಿಯಲ್ಲಿ ಶುರು ಮಾಡಬಹುದಾ, ನೀವು ಸುಮ್ಮನೆ ಬಂದು ಮೂಲೆಯಲ್ಲಿ ಕೂತು ಜನ ಹೇಳುವುದನ್ನು ಕೇಳಬಹುದಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಮ್ಮ ಮನೆ ಕಟ್ಟಿ ಮ್ಯಾಲೆ ಮಾಡೋಣ, ನಿಮ್ಮವ್ವಾರನ್ನ ಕೇಳ್ರಿ," ಅಂದರು. ಅವ್ವನನ್ನು ಕೇಳಿದೆ. ಈ ಗುರುವಾರ ಮೊದಲ ಸಲ ಸೇರುತ್ತಾರೆ. ಜಮಖಾನ ಒಗೆದು ಬಿಸಿಲಿಗೆ ಹಾಕಿದ್ದಾಳಂತೆ. ಲೀಜಿಗೆ ಹಾಕಿದ್ದ ಆ ಮನೆಯವರೂ ಬರುತ್ತೇವೆ ಅಂದಿದ್ದಾರಂತೆ.