ಸೋಯಾ ಪುಡಿ ಮತ್ತು ಮಿರ್ಚಿ ಎಣ್ಣೆ

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗಿನಿಂದ ಹುಬ್ಬಳ್ಳಿಯಲ್ಲೂ ಎಲ್ಲರ ಕೈ ಎದೆ ಮೇಲೆ. ಈಗ ಮದ್ದು ಸಿಕ್ಕಿದೆಯಂತೆ. ಬೆಳಿಗ್ಗೆ ಹಾಲಿಗೆ ಎರಡು ಚಮಚ ಸೋಯಾ ಪುಡಿ, ರಕ್ತನಾಳದ ಸ್ಟ್ರೆಸ್ ಮಾಯ! ವಾಕಿಂಗ್ ಬಂದವರ ಬಾಯಲ್ಲೆಲ್ಲ ಸೋಯಾ ಕಾಳಿನಲ್ಲಿರುವ ಐಸೋಫ್ಲೇವೋನ್ ಎಂಬ ಅಂಶದ್ದೇ ಮಾತು. ಮೊಮ್ಮಗನ ಹೆಸರು ಮರೆಯುವವರೂ ಇದನ್ನು ತಡವರಿಸದೆ ಹೇಳುತ್ತಾರೆ.

ರಕ್ತನಾಳದ ಒಳಪದರ ಕೆಟ್ಟರೆ ಹೃದಯಕ್ಕೆ ಕುತ್ತು, ಅದು ಸುಳ್ಳಲ್ಲ. ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ ಅದನ್ನು ಕೆಡಿಸುತ್ತವೆ. ಸೋಯಾದ ಜಂಬ ಮಾತ್ರ ಸ್ವಲ್ಪ ಜಾಸ್ತಿ. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದಿರಬಹುದು ಅಂತ ಪಾಕೀಟಿನ ಮೇಲೆ ಬರೆಯಲು 1999ರಲ್ಲಿ ಬಿಟ್ಟಿದ್ದು ಅಮೆರಿಕದ ಆಹಾರ, ಔಷಧ ನಿಯಂತ್ರಿಸುವ ಎಫ್‌ಡಿಎ. ಪುರಾವೆ ಗಟ್ಟಿಯಿಲ್ಲ, ಅನುಮತಿ ವಾಪಸ್ ಪಡೆಯೋಣ ಎಂದು 2017ರಲ್ಲಿ ಪ್ರಸ್ತಾಪ ಇಟ್ಟಿದ್ದೂ ಅದೇ ಎಫ್‌ಡಿಎ. ದಿನಾ 50 ಗ್ರಾಂ ತಿಂದರೂ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವುದು ಶೇ. 3ರ ಆಸುಪಾಸು ಅಂತ ಅಲ್ಲಿನ ಹೃದ್ರೋಗ ಸಂಘ 2006ರಲ್ಲೇ ಹೇಳಿತ್ತು. ಎರಡು ಚಮಚದ ಲೆಕ್ಕ ನೀವೇ ಹಾಕಿಕೊಳ್ಳಿ.

ಇರಲಿ. ಪುಡಿ ಕುಡಿದವರೇ ಸಂಜೆ ದುರ್ಗದಬೈಲಿನ ಕಡೆ ಹೊರಡುತ್ತಾರೆ. ಗಿರ್ಮಿಟ್, ಜೊತೆಗೆ ನಾಲ್ಕು ಮಿರ್ಚಿ. ಕಡಾಯಿಯ ಎಣ್ಣೆ ಕಾದು ಕಾದು ಡಿಕಾಕ್ಷನ್ ಬಣ್ಣಕ್ಕೆ ಬಂದಿರುತ್ತದೆ. "ಚಿಂತಿ ಮಾಡಬ್ಯಾಡ್ರಿ ಸರ, ಸೋಯಾ ಎಣ್ಣಿ ಐತಿ, ಹಾರ್ಟಿಗೆ ಚೊಲೋ," ಎಂದು ಒಬ್ಬ ಗಿರಾಕಿ ಇನ್ನೊಬ್ಬನಿಗೆ ಧೈರ್ಯ ಹೇಳುತ್ತಾನೆ. ಐಸೋಫ್ಲೇವೋನ್ ಎಣ್ಣೆಗೆ ಇಳಿಯುವುದೇ ಇಲ್ಲ ಅನ್ನಬಹುದು, ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ಹೋಗುವುದು ಕೋಳಿ ಫಾರ್ಮಿಗೆ. ಈ ಲೆಕ್ಕದಲ್ಲಿ ಊರಲ್ಲೇ ಗಟ್ಟಿ ಹೃದಯ ಬ್ರಾಯ್ಲರ್ ಕೋಳಿಯದು. ಪಾಪ, ಅದನ್ನೂ ಸಾವಜಿ ಖಾನಾವಳಿಯಲ್ಲಿ ಖಾರ ಹಚ್ಚಿ ತಿನ್ನುತ್ತೇವೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಎಣ್ಣೆ ಕಾದು ಕಾದು ಕೆಟ್ಟಾಗ ಹೆಚ್ಚುವ ಅಂಶ, ಶೇ. 25 ದಾಟಬಾರದೆಂದು 2018ರಿಂದ ನಿಯಮವಿದೆ. ಗಾಡಿ ಪಕ್ಕ ನಿಂತು ಅದನ್ನು ಅಳೆಯುವವರನ್ನು ಕಂಡವರಿದ್ದರೆ ಕೈ ಎತ್ತಿ.

ಅಳೆಯುವ ಮೀಟರ್ ಬೇರೆ ಕಡೆ ಬಿಜಿ ಇದೆ. ಧಾರವಾಡ, ಹಾವೇರಿ ಕಡೆ ಮುಂಗಾರಿಗೆ ಸೋಯಾ ಬೆಳೆದ ರೈತ ಚೀಲ ಬಿಚ್ಚಿದ ಕೂಡಲೇ ಮೀಟರ್ ಕಾಳಿನೊಳಗೆ. ತೇವ ಶೇ. 12 ದಾಟಬಾರದು! ಮಳೆ ಬಿಡದಿದ್ದರೆ ಅವನು ಒಣಗಿಸುವುದೆಲ್ಲಿ? ರಸ್ತೆ ಮೇಲೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ. ಅದು ಪೇಪರಲ್ಲಿ. ಖರೀದಿ ಕೇಂದ್ರ ತೆರೆಯುವವರೆಗೆ ಸಾಲ ಕಾಯುವುದಿಲ್ಲ, ದಲಾಲಿ ಹೇಳಿದ ರೇಟಿಗೆ ಕೊಟ್ಟು ಬಸ್ ಹತ್ತುತ್ತಾನೆ. ಅಂಥ ಕಾಳೇ ಡಬ್ಬಿಯೊಳಗೆ ಪುಡಿಯಾಗಿ, ಮೇಲೊಂದು ಕೆಂಪು ಹೃದಯ ಅಂಟಿಸಿಕೊಂಡು ನೂರಾರು ರೂಪಾಯಿಗೆ ಬರುತ್ತದೆ. ಸಿಟ್ಟು ಬರುತ್ತದೆ, ಅಷ್ಟೇ. ರಕ್ತನಾಳದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ವಾಕಿಂಗ್ ಗೆಳೆಯರಲ್ಲಿ ಒಬ್ಬರೂ, ಖರೀದಿ ಕೇಂದ್ರ ಯಾಕ್ರಿ ತಡ ಅಂತ ಕೇಳಿದ್ದನ್ನು ನಾನಂತೂ ಕಂಡಿಲ್ಲ.