"ನಾನು ಸಲಹೆ ಅಷ್ಟೇ ಕೊಟ್ಟಿದ್ದು" ಅಂದುಬಿಟ್ಟರೆ ಆಯಿತಾ?

ಹೊಸದಾಗಿ ಹಾಕಿದ ಡ್ರೈನೇಜ್ ಪೈಪೇ ಕಟ್ಟಿಕೊಂಡಿದೆ ಅಂತ ಮತ್ತೆ ಅಗೆಯುತ್ತಿದ್ದಾರೆ. ಗುಂಡಿಯ ಅಂಚಿನಲ್ಲಿ ನಿಂತ ಕಾಂಟ್ರಾಕ್ಟರ್ ಬಾಯಲ್ಲಿ ಅದೇ ಹಳೇ ಪಲ್ಲವಿ: "ನಾನು ಸಲಹೆ ಅಷ್ಟೇ ಕೊಟ್ಟಿದ್ದು ಸಾರ್, ಒಪ್ಪಿದ್ದು ನೀವು." ಕೇಳಿದರೆ ಮೈ ಉರಿಯುತ್ತೆ.

ಒಪ್ಪದೆ ಇನ್ನೇನು ಮಾಡಬೇಕಿತ್ತು? ಪೈಪಿನ ಲೆವೆಲ್ಲು ಮನೆಯವರಿಗೇ ಗೊತ್ತಿದ್ದರೆ ಇವರನ್ನು ಯಾಕೆ ಕರೆಯುತ್ತಿದ್ದರು?

ನಾಲ್ಕಿಂಚಿನ ಪೈಪಿಗೆ ರೂಢಿಯ ಇಳಿಜಾರು 40ಕ್ಕೆ 1. ಅಂದರೆ 12 ಮೀಟರ್ ಓಟಕ್ಕೆ 30 ಸೆಂಟಿಮೀಟರ್ ಇಳಿಯಬೇಕು. ಮನೆ ಕಡೆ ಪೈಪ್ ಹೊರಡುವ ಮಟ್ಟ, ಹೊರಗೆ ಸೇರುವ ಚೇಂಬರಿನ (ಮುಚ್ಚಳ ತೆಗೆದು ಪೈಪ್ ನೋಡುವ, ಶುಚಿ ಮಾಡುವ ಗುಂಡಿ) ಮಟ್ಟ, ಇವೆರಡನ್ನೂ ನೀರು ತುಂಬಿದ ಟ್ಯೂಬಿನಲ್ಲಿ ನೋಡಿದರೆ ಇಳಿಜಾರು ಸಿಗುತ್ತೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ. ನೋಡದೆ "ಸ್ಲೋಪ್ ಸಿಗುತ್ತೆ ಬಿಡಿ" ಅಂದರೆ ನೀರು ಹರಿದುಹೋಗಿ ಗಟ್ಟಿ ಕಸ ಪೈಪಿನ ತಳದಲ್ಲೇ ಕೂರುತ್ತೆ. ತಿರುವಿನಲ್ಲಿ ಚೇಂಬರ್ ಬೇಡ, ಒಂದು ಎಲ್ಬೋ (ಬಾಗಿದ ಪೈಪ್ ತುಂಡು) ಸಾಕು ಅನ್ನುವುದೂ ಸಲಹೆಯೇ. ಆಮೇಲೆ ಕಟ್ಟಿಕೊಂಡಾಗ ಶುಚಿ ಮಾಡುವ ರಾಡು ಆ ಮೂಲೆ ದಾಟಲ್ಲ. ಮಳೆನೀರನ್ನೂ ಇದಕ್ಕೇ ಸೇರಿಸಿ ಅನ್ನುವ ಮಹಾನುಭಾವರಿಗಂತೂ ಕೈ ಮುಗಿಯಬೇಕು! ಜೋರು ಮಳೆಗೆ ಕೆಳಮನೆಯ ಬಚ್ಚಲಲ್ಲಿ ಕೊಳಚೆ ಉಕ್ಕುತ್ತೆ.

ಕಾನೂನಿನ ಮಾತಿಗೆ ಬರೋಣ. 1963ರಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೆಡ್ಲಿ ಬರ್ನ್ ಪ್ರಕರಣದಲ್ಲಿ ಒಂದು ತತ್ವ ಹೇಳಿತು: ವಿಶೇಷ ಪರಿಣತಿ ಇರುವವನು, ಎದುರಿನವರು ತನ್ನ ಮಾತು ನಂಬಿ ನಡೆಯುತ್ತಾರೆಂದು ಗೊತ್ತಿದ್ದೂ ಅಜಾಗ್ರತೆಯಿಂದ ಹೇಳಿದರೆ, ಒಪ್ಪಂದ ಇಲ್ಲದಿದ್ದರೂ ಹೊಣೆ ಬರಬಹುದು. ಆದರೆ ಆ ಕೇಸಿನಲ್ಲಿ, ಒಂದು ಕಂಪನಿಯ ಹಣಕಾಸು ಚೆನ್ನಾಗಿದೆ ಎಂದು ಅಜಾಗ್ರತೆಯಿಂದ ಹೇಳಿದ ಆರೋಪ ಹೊತ್ತಿದ್ದ ಬ್ಯಾಂಕು ಬಚಾವಾಯಿತು. ಯಾಕೆ? "ಇದಕ್ಕೆ ನಾವು ಜವಾಬ್ದಾರರಲ್ಲ" ಎಂದು ಮೊದಲೇ ಬರೆದುಕೊಟ್ಟಿತ್ತು. ಕೊಟೇಶನ್ನಿನ ತಳದ ಸಣ್ಣ ಅಕ್ಷರ ಓದಿ ಅಂತ ಬಡಿದುಕೊಳ್ಳುವುದು ಇದಕ್ಕೇ. ಅಂಥ ಸಾಲು ಎಷ್ಟರಮಟ್ಟಿಗೆ ನಿಲ್ಲುತ್ತೆ ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟಿದ್ದು. ಸಲಹೆಯ ಜೊತೆ ಕೆಲಸವನ್ನೂ ಅವನೇ ಹಿಡಿದಿದ್ದರೆ ಒಪ್ಪಂದದ ಹೊಣೆ ಬೇರೆ ಇದ್ದೇ ಇರುತ್ತೆ.

"ಮನೆಯವರೇ ದುಡ್ಡು ಉಳಿಸೋಕೆ ಹಠ ಮಾಡ್ತಾರೆ" ಅಂತೀರಾ? ಮಾಡ್ತಾರೆ, ಇಲ್ಲ ಅನ್ನಲ್ಲ. ಹಾಗಿದ್ದರೆ "ಚೇಂಬರ್ ಬೇಕೆಂದು ಹೇಳಿದ್ದೇನೆ, ಮಾಲೀಕರು ಬೇಡವೆಂದರು" ಅಂತ ಒಂದು ಮೆಸೇಜ್ ಹಾಕಿ. ಅಷ್ಟಕ್ಕೂ ಬೆರಳು ನೋಯುತ್ತಾ? ಅದಿಲ್ಲದೆ ಆಮೇಲೆ ಒಪ್ಪಿದ್ದು ನೀವು ಅನ್ನುವುದು ಬರೀ ಬಾಯಿಮಾತು.

ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ, ಒಪ್ಪಿಕೊಳ್ತೀನಿ. ಆದರೆ ಸಿಟ್ಟು ಸಾಕ್ಷಿಯಾಗಲ್ಲ. ಪೈಪ್ ಕಟ್ಟಿಕೊಂಡಿದ್ದು ಆ ಸಲಹೆಯಿಂದಲೇ ಅಂತ ತೋರಿಸಬೇಕು. ಒಳಗೆ ಬಟ್ಟೆ ಸಿಕ್ಕಿಕೊಂಡಿದ್ದರೆ ವಾದ ಅಲ್ಲಿಗೇ ಬಿತ್ತು. ಹಾಗಾಗಿ ಅಗೆದ ಗುಂಡಿಯನ್ನು ಆತುರಕ್ಕೆ ಮುಚ್ಚಬೇಡಿ. ಟೇಪ್ ಹಿಡಿದು ಎರಡೂ ತುದಿಯ ಆಳದ ಫೋಟೋ ತೆಗೆಯಿರಿ, ಬೇರೆ ಎಂಜಿನಿಯರ್ ಕೈಲಿ ಲೆವೆಲ್ ಬರೆಸಿಕೊಳ್ಳಿ, ಕಾಂಟ್ರಾಕ್ಟರಿಗೆ "ಬಂದು ನೋಡಿ" ಅಂತ ಬರವಣಿಗೆಯಲ್ಲೇ ತಿಳಿಸಿ. ದಾವೆಗೆ ಕಾಲಮಿತಿ ಇದೆ, ವಕೀಲರನ್ನು ಬೇಗ ಕೇಳಿ. ಮಣ್ಣು ಮುಚ್ಚೋದು ಅದೆಲ್ಲ ಆದಮೇಲೆ.